ತರಿಯೋಡಿನ ಸೋಮವಾರ: ಆಸ್ಪತ್ರೆಯ ಯಂತ್ರಗಳೊಳಗಿನ ಹಳೆಯ ತಂತ್ರಾಂಶದ ಚರಿತ್ರೆ

ವಯನಾಡಿನ ಚರಿತ್ರೆಯೆಂದರೆ ನಮ್ಮ ಸ್ಮರಣ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಎಡಕಲ್ಲು ಗುಹೆಯ ರೇಖೆಗಳಿಂದ ಆರಂಭವಾಗಿ, ಒಂದು ಕಾಲಕ್ಕೆ ‘ಹನ್ನೆರಡು ಬೀದಿ’ ಎಂದು ಕರೆಸಿಕೊಂಡಿದ್ದ ಸುಲ್ತಾನ್ ಬತ್ತೇರಿಯ ಜೈನ ಬಸದಿಯನ್ನು ಹಾದು, ಹೈದರಾಲಿ ಮತ್ತು ಟಿಪ್ಪುವಿನ ದಂಡಯಾತ್ರೆಗಳಲ್ಲಿ ಮುಗಿಯುವುದು ವಾಡಿಕೆ. ಅದನ್ನು ಬಲ್ಲವರು ಬರೆದಿದ್ದಾರೆ, ಇನ್ನೂ ಬರೆಯುತ್ತಾರೆ. ಈ ಬಾರಿ ಸಂಪಾದಕ ಮಂಡಳಿಯ ಗೆಳೆಯರು ಲೇಖನ ಕೇಳಿದಾಗ ನಾವು ಆರಿಸಿಕೊಂಡದ್ದು ಯಾವ ಶಾಸನದಲ್ಲಿಯೂ ಸಿಗದ, ನಮ್ಮ ಕಣ್ಣೆದುರಿಗೇ ನಡೆದ ಒಂದು ಚರಿತ್ರೆಯನ್ನು. ಅದು ಗಣಕಯಂತ್ರಗಳ ಮಾತಾದರೂ ಅದರ ಕೊನೆ ಮುಟ್ಟುವುದು ರೋಗಿಯ ಹಾಸಿಗೆಗೆ. ಆದುದರಿಂದ ತಂತ್ರಜ್ಞಾನದ ವಿಷಯ ತಮಗೆ ಸಂಬಂಧಿಸಿದ್ದಲ್ಲವೆಂದು ಹಿರಿಯರು ಪುಟ ತಿರುಗಿಸಬಾರದೆಂಬುದು ನಮ್ಮ ಅರಿಕೆ.

ಬಾಣಾಸುರಸಾಗರ ಜಲಾಶಯದ ನೆರೆಯಲ್ಲಿ ತರಿಯೋಡು ಎಂಬ ಗ್ರಾಮ ಪಂಚಾಯತಿ ಇದೆ. ಹಳೆಯ ತರಿಯೋಡು ಪೇಟೆ ಆ ಜಲಾಶಯದ ನೀರಿನಲ್ಲಿ ಮುಳುಗಿಹೋದದ್ದು ಅಲ್ಲಿನವರ ನೆನಪಿನಲ್ಲಿ ಇಂದಿಗೂ ಹಸಿಯಾಗಿದೆ. 2017ರ ಮೇ 15ರ ಸೋಮವಾರ ಬೆಳಿಗ್ಗೆ ಅಲ್ಲಿನ ಪಂಚಾಯತಿ ಕಚೇರಿಯ ಕೆಲವು ಕಂಪ್ಯೂಟರುಗಳಲ್ಲಿ ಎಂದಿನ ಕಡತಗಳ ಬದಲು ಕೆಂಪು ಚೌಕಟ್ಟಿನ ಒಂದು ಪ್ರಕಟಣೆ ಕಾಣಿಸಿಕೊಂಡಿತು. ನಿಮ್ಮ ಕಡತಗಳಿಗೆಲ್ಲ ಬೀಗ ಹಾಕಲಾಗಿದೆ. ಮುನ್ನೂರು ಡಾಲರ್ ಬೆಲೆಯ ಬಿಟ್‌ಕಾಯಿನ್ ಕಳುಹಿಸಿದರೆ ಬೀಗ ತೆಗೆಯಲಾಗುವುದು ಎಂಬುದು ಅದರ ಸಾರಾಂಶ. ಪತ್ತನಂತಿಟ್ಟ ಜಿಲ್ಲೆಯ ಅರುವಾಪ್ಪುಲಂ ಪಂಚಾಯತಿಯಲ್ಲಿಯೂ ಹೀಗೆಯೇ ಆಯಿತು. ಮರುದಿನ ಪಾಲಕ್ಕಾಡಿನ ರೈಲ್ವೆ ವಿಭಾಗೀಯ ಕಚೇರಿಯ ಕಂಪ್ಯೂಟರುಗಳು ಅದಕ್ಕೆ ತುತ್ತಾದವು. ಆ ಕುತಂತ್ರಾಂಶದ ಹೆಸರು ‘ವಾನ್ನಾಕ್ರೈ’. ಮನೆ ತೆರಿಗೆ, ಜನನ ಮರಣಗಳ ದಾಖಲೆ ಇಂಥ ಕೆಲಸ ಮಾಡುವ ಒಂದು ಬೆಟ್ಟದೂರಿನ ಕಚೇರಿಯ ಮೇಲೆ ಯಾರಿಗೆ ತಾನೆ ಹಗೆ ಇದ್ದೀತು? ಯಾರಿಗೂ ಇರಲಿಲ್ಲ. ಆ ಹುಳುವಿಗೆ ಹಗೆ, ಕೆಳೆ ಎಂಬುದಿರಲಿಲ್ಲ. ತೇಪೆ ಹಾಕದೆ ಬಿಟ್ಟ ಯಂತ್ರ ಎಲ್ಲಿದೆ ಎಂಬುದಷ್ಟೇ ಅದಕ್ಕೆ ಬೇಕಾಗಿತ್ತು.

ತರಿಯೋಡಿಗೆ ಬರುವುದಕ್ಕೆ ಮೂರು ದಿನ ಮೊದಲು, ಮೇ 12ರ ಶುಕ್ರವಾರ, ಅದೇ ಹುಳು ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯನ್ನು ಹೊಕ್ಕಿತ್ತು. ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಕಟಿಸಿದ ವರದಿ ಈ ವಿಷಯದಲ್ಲಿ ಓದಲೇಬೇಕಾದ ದಾಖಲೆಯಾಗಿದೆ. 236 ಆಸ್ಪತ್ರೆ ಮಂಡಳಿಗಳಲ್ಲಿ ಕನಿಷ್ಠ 80 ಮಂಡಳಿಗಳ ಕೆಲಸ ಅಸ್ತವ್ಯಸ್ತವಾಯಿತು. ಐದು ಕಡೆಗಳಲ್ಲಿ ತುರ್ತು ಚಿಕಿತ್ಸೆಯ ರೋಗಿಗಳನ್ನು ದೂರದ ಆಸ್ಪತ್ರೆಗಳಿಗೆ ಕಳುಹಿಸಬೇಕಾಯಿತು. ರದ್ದಾದವೆಂದು ಗುರುತಿಸಲಾದ ಭೇಟಿ ಮತ್ತು ಶಸ್ತ್ರಚಿಕಿತ್ಸೆಗಳು 6,912. ಒಟ್ಟು 19,000ಕ್ಕೂ ಮಿಕ್ಕಿರಬಹುದೆಂದು ಅಂದಾಜು. ನಮ್ಮ ವಿಷಯಕ್ಕೆ ನೇರವಾಗಿ ಬೇಕಾದ ಸಂಖ್ಯೆ ಇನ್ನೊಂದಿದೆ: ರೋಗಪತ್ತೆಯ ಯಂತ್ರಗಳಲ್ಲಿಯೇ 1,220 ಯಂತ್ರಗಳು ಸೋಂಕಿಗೆ ಒಳಗಾದವು. ಒಟ್ಟು ಯಂತ್ರಗಳಲ್ಲಿ ಇದು ನೂರಕ್ಕೆ ಒಂದು ಪಾಲು ಮಾತ್ರ. ಆದರೆ ಸೋಂಕು ತಗಲೀತೆಂಬ ಭಯದಿಂದ ಜಾಲದಿಂದ ಕಿತ್ತಿಟ್ಟ ಯಂತ್ರಗಳು ಈ ಲೆಕ್ಕದಲ್ಲಿ ಸೇರಿಲ್ಲ. ಎಕ್ಸ್‌ರೇ ಯಂತ್ರ ಸರಿಯಾಗಿದ್ದೂ ಅದರ ಚಿತ್ರ ವೈದ್ಯರ ಮೇಜಿಗೆ ಹೋಗುವ ದಾರಿ ಮುಚ್ಚಿದರೆ ರೋಗಿಗೆ ಅದು ಕೆಟ್ಟ ಯಂತ್ರವೇ ಸರಿ. ಸಾವು ಸಂಭವಿಸಿತೆಂಬ ವರದಿ ಇಲ್ಲವೆಂಬುದು ಸಮಾಧಾನದ ಸಂಗತಿ.

ಇದಕ್ಕೆ ಮದ್ದು ಇರಲಿಲ್ಲವೇ? ಇತ್ತು. ಹುಳು ನುಸುಳಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಮಾರ್ಚ್ 14ರಂದೇ, ಎಂದರೆ ಸುಮಾರು ಎರಡು ತಿಂಗಳು ಮೊದಲೇ, ಹೊರತಂದಿತ್ತು. ಆ ಬಿರುಕನ್ನು ಬಳಸಿಕೊಳ್ಳುವ ಸಲಕರಣೆ ಅಮೆರಿಕದ ಗುಪ್ತಚರ ಸಂಸ್ಥೆಯೊಂದರಲ್ಲಿ ತಯಾರಾಗಿ, ಅಲ್ಲಿಂದ ಕಳವಾಗಿ, ಏಪ್ರಿಲಿನಲ್ಲಿ ಎಲ್ಲರ ಕೈಗೆ ಸಿಗುವಂತಾಯಿತು. ಆದರೆ ಮಾರ್ಚಿನ ಆ ತೇಪೆ ‘ವಿಂಡೋಸ್ ಎಕ್ಸ್‌ಪಿ’ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್ಮಿಗೆ ಸಾರ್ವಜನಿಕವಾಗಿ ಸಿಗಲಿಲ್ಲ. 2001ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದ ಎಕ್ಸ್‌ಪಿಯ ಪಾಲನೆಯನ್ನು ಸಂಸ್ಥೆಯು 2014ರ ಏಪ್ರಿಲ್ 8ಕ್ಕೆ ನಿಲ್ಲಿಸಿತ್ತು. ಆಗ ಬ್ರಿಟನ್ ಸರಕಾರ ಸುಮಾರು 55 ಲಕ್ಷ ಪೌಂಡು ತೆತ್ತು ಒಂದು ವರ್ಷದ ಹೆಚ್ಚುವರಿ ಪಾಲನೆಯನ್ನು ಕೊಂಡುಕೊಂಡಿತು. ಮರುವರ್ಷ ಅದನ್ನು ಮುಂದುವರಿಸಲಿಲ್ಲ. ಕೊನೆಗೆ ಇಡೀ ಲೋಕ ಬೊಬ್ಬಿಟ್ಟ ಮೇಲೆ, ದಾಳಿ ಆರಂಭವಾದ ಮರುದಿನದ ಹೊತ್ತಿಗೆ, ಎಕ್ಸ್‌ಪಿಗೂ ತೇಪೆ ಸಿಕ್ಕಿತು. ಹುಳುವಿನ ಓಟವನ್ನು ನಿಲ್ಲಿಸಿದ್ದು ಮಾತ್ರ ಇಂಗ್ಲೆಂಡಿನ ಡೆವನ್ ಸೀಮೆಯ 22 ವರ್ಷದ ತರುಣ ಮಾರ್ಕಸ್ ಹಚಿನ್ಸ್. ಹುಳುವಿನೊಳಗೆ ಅಡಗಿದ್ದ ಒಂದು ಜಾಲತಾಣದ ಹೆಸರನ್ನು ಅವನು ಹತ್ತು ಡಾಲರಿಗಿಂತ ಸ್ವಲ್ಪ ಹೆಚ್ಚು ಕೊಟ್ಟು ನೋಂದಾಯಿಸಿಕೊಂಡ. ಅಷ್ಟಕ್ಕೇ ಅದರ ವೇಗ ಇಳಿಯಿತು. ಸರಕಾರಗಳು ಮಾಡಲಾರದ್ದನ್ನು ಹತ್ತು ಡಾಲರು ಮಾಡಿತೆಂದು ನಕ್ಕು ಬಿಡಬಹುದು. ಆದರೆ ಆ ಹೊತ್ತಿಗೆ ತರಿಯೋಡಿನಂಥ ಎಷ್ಟೋ ಊರುಗಳಿಗೆ ಹುಳು ತಲುಪಿಯಾಗಿತ್ತೋ, ಇಲ್ಲವೆ ದಾರಿಯಲ್ಲಿತ್ತೋ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾಗಿದೆ. ಆ ದಿನಗಳ ಪತ್ರಿಕೆಗಳೆಲ್ಲ ಎಕ್ಸ್‌ಪಿಯ ತಲೆಗೇ ದೋಷ ಕಟ್ಟಿದವು. ಆಮೇಲೆ ನಡೆದ ಪರಿಶೀಲನೆಯಲ್ಲಿ ಕಂಡದ್ದು ಬೇರೆ. ಸೋಂಕಿತ ಕಂಪ್ಯೂಟರುಗಳಲ್ಲಿ ಬಹುಪಾಲು, ಆಗಿನ್ನೂ ಪಾಲನೆಯಲ್ಲಿದ್ದ ವಿಂಡೋಸ್ 7ರವು. ತೇಪೆ ಸಿಕ್ಕರೂ ಯಾರೂ ಹಾಕದೆ ಬಿಟ್ಟವು. ಎಕ್ಸ್‌ಪಿ ಯಂತ್ರಗಳು ಅನೇಕ ವೇಳೆ ಹುಳುವನ್ನು ಹರಡುವ ಮೊದಲೇ ತಾವೇ ಕುಸಿದು ನಿಂತುಬಿಡುತ್ತಿದ್ದವು. ಹೀಗಾಗಿ ‘ಹಳೆಯದು’ ಎಂಬುದನ್ನು ನಾವು ಪಂಚಾಂಗದಿಂದ ಅಳೆಯಬಾರದು. ಉಪಚಾರವಿಲ್ಲದ ಮೂರು ವರ್ಷದ ಯಂತ್ರವು ಉಪಚಾರ ಪಡೆದ ಹತ್ತು ವರ್ಷದ ಯಂತ್ರಕ್ಕಿಂತ ಹಳೆಯದು. ಕೇರಳದ ಶಾಲೆಗಳ ಕಂಪ್ಯೂಟರುಗಳು ಐಟಿ@ಸ್ಕೂಲ್ ಯೋಜನೆಯ ಕಾಲದಿಂದಲೇ ಲಿನಕ್ಸ್ ಎಂಬ ಮುಕ್ತ ತಂತ್ರಾಂಶಕ್ಕೆ ಹೊರಳಿದ್ದವು. ವಿಂಡೋಸಿಗೆಂದೇ ಹೆಣೆದ ಈ ಹುಳು ಅವುಗಳನ್ನು ಮುಟ್ಟುವಂತಿರಲಿಲ್ಲ. ಆಸ್ಪತ್ರೆಗಳೂ ಹಾಗೆಯೇ ಹೊರಳಬಾರದೇಕೆಂದು ಕೇಳುವವರಿದ್ದಾರೆ. ಶಾಲೆಯ ಕಂಪ್ಯೂಟರಿನಲ್ಲಿ ಏನಿರಬೇಕೆಂದು ಶಾಲೆ ನಿರ್ಧರಿಸಬಹುದು. ಸ್ಕ್ಯಾನಿಂಗ್ ಯಂತ್ರದೊಳಗೆ ಏನಿರಬೇಕೆಂದು ಆಸ್ಪತ್ರೆ ನಿರ್ಧರಿಸುವಂತಿಲ್ಲ. ಇಡೀ ಚರಿತ್ರೆಯ ಗಂಟು ಇರುವುದು ಇಲ್ಲಿಯೇ.

ವೈದ್ಯಕೀಯ ಯಂತ್ರದೊಳಗೆ ವಿಂಡೋಸ್ ಬಂದು ಕುಳಿತದ್ದು ಹೇಗೆ ಎಂಬುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ಮೊದಮೊದಲು ಪ್ರತಿಯೊಂದು ಯಂತ್ರಕ್ಕೂ ಅದರ ತಯಾರಕರೇ ಬರೆದ ಸ್ವಂತ ತಂತ್ರಾಂಶವಿರುತ್ತಿತ್ತು. ಅಂಥವುಗಳಲ್ಲಿ ಒಂದಾದ ‘ಥೆರಾಕ್-25’ ಎಂಬ ಕೆನಡಾದ ವಿಕಿರಣ ಚಿಕಿತ್ಸಾ ಯಂತ್ರವು 1985ರಿಂದ 1987ರ ನಡುವೆ, ತಂತ್ರಾಂಶದ ದೋಷದಿಂದಾಗಿ, ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಹರಿಸಿತು, ಕೆಲವರು ಸತ್ತರು. ಪರೀಕ್ಷೆ ಮಾಡಿ ಒಪ್ಪಿಗೆ ಪಡೆದ ತಂತ್ರಾಂಶವನ್ನು ಆಮೇಲೆ ಯಾರೂ ಮನಬಂದಂತೆ ಮುಟ್ಟಬಾರದೆಂಬ ಎಚ್ಚರ ಬಲವಾದುದಕ್ಕೆ ಇಂಥ ದುರಂತಗಳು ಕಾರಣವಾದವು. ಆ ಎಚ್ಚರ ನ್ಯಾಯವಾದುದೇ. ಆದರೆ 1990ರ ದಶಕದಲ್ಲಿ ತಯಾರಕರು ಖರ್ಚು ಉಳಿಸಲೆಂದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಂಪ್ಯೂಟರನ್ನೇ ಯಂತ್ರದ ಪಕ್ಕದಲ್ಲಿ ಕೂರಿಸತೊಡಗಿದರು. ಪರದೆ, ಮುದ್ರಣ, ಜಾಲಸಂಪರ್ಕ ಎಲ್ಲವೂ ಸಿದ್ಧವಾಗಿ ಸಿಗುತ್ತಿದ್ದುದರಿಂದ ಅದು ಬುದ್ಧಿವಂತಿಕೆಯಾಗಿಯೇ ತೋರಿತು. ಪ್ರತಿ ತಿಂಗಳೂ ತೇಪೆ ಬೇಡುವ ವಸ್ತುವೊಂದನ್ನು ಮುಟ್ಟಬಾರದೆಂಬ ನಿಯಮದ ಮನೆಗೆ ತಂದು ಕೂರಿಸಿದಂತಾಯಿತು ಎಂಬುದು ಆಗ ಯಾರಿಗೂ ಹೊಳೆದಂತಿಲ್ಲ.

ತೇಪೆ ಹಾಕಲು ಕಾನೂನು ಬಿಡುವುದಿಲ್ಲ, ಹಾಕಿದರೆ ಯಂತ್ರದ ಮಾನ್ಯತೆ ಹೋಗುತ್ತದೆ ಎಂಬ ಮಾತು ಆಸ್ಪತ್ರೆಗಳಲ್ಲಿ ಬಹುಕಾಲ ಚಾಲ್ತಿಯಲ್ಲಿತ್ತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2005ರ ಜನವರಿಯಲ್ಲಿಯೇ, ಸುರಕ್ಷತೆಯ ತೇಪೆಗಳಿಗೆ ಸಾಮಾನ್ಯವಾಗಿ ತನ್ನ ಹೊಸ ಒಪ್ಪಿಗೆ ಬೇಕಾಗಿಲ್ಲವೆಂದು ಸ್ಪಷ್ಟಪಡಿಸಿತ್ತು. ಆದರೂ ಆ ಮಾತು ನಿಲ್ಲಲಿಲ್ಲ. ತೇಪೆ ಹಾಕುವ ಮೊದಲು ಯಂತ್ರವನ್ನು ಮತ್ತೆ ಪರೀಕ್ಷಿಸಿ ನೋಡಬೇಕು. ಅದು ತಯಾರಕರ ಖರ್ಚು. ಕಾನೂನಿನ ಹೆಸರು ಹೇಳುವುದು ಖರ್ಚಿಲ್ಲದ ಕೆಲಸ. ಇದು ನಮ್ಮ ಅಭಿಪ್ರಾಯ, ಒಪ್ಪದವರು ಇರಬಹುದು.

ಆದರೆ ದೋಷವೆಲ್ಲವೂ ತಯಾರಕರದೇ ಎನ್ನುವುದೂ ಸರಿಯಲ್ಲ. 2009ರ ಜನವರಿಯಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ಆಸ್ಪತ್ರೆಗಳಲ್ಲಿ ‘ಕಾನ್‌ಫಿಕರ್’ ಎಂಬ ಹುಳು ಸುಮಾರು 800 ಕಂಪ್ಯೂಟರುಗಳಿಗೆ ಹಬ್ಬಿತು. ಅಲ್ಲಿ ಸ್ವಯಂಚಾಲಿತ ತೇಪೆಗಳನ್ನು ಸ್ವಲ್ಪ ದಿನ ಮೊದಲು ನಿಲ್ಲಿಸಿಬಿಟ್ಟಿದ್ದರು. ಏಕೆ? ಶಸ್ತ್ರಚಿಕಿತ್ಸೆ ನಡೆಯುತ್ತಿದ್ದ ಕೊಠಡಿಯೊಂದರಲ್ಲಿ ಕಂಪ್ಯೂಟರು ತೇಪೆ ಹಾಕಿಕೊಂಡು ನಡುವೆಯೇ ತಾನಾಗಿ ಆರಿ ಮತ್ತೆ ಹೊತ್ತಿಕೊಂಡಿತ್ತು! ವೈದ್ಯರ ಕೈಯಲ್ಲಿ ಕತ್ತರಿ ಇರುವಾಗ ಪರದೆ ಕಪ್ಪಾದರೆ ಯಾರಾದರೂ ಇನ್ನು ತೇಪೆಯೇ ಬೇಡವೆನ್ನುವರು. ತೇಪೆ ಹಾಕಿದರೆ ಒಂದು ಅಪಾಯ, ಹಾಕದಿದ್ದರೆ ಇನ್ನೊಂದು. ನಡುವೆ ಸಿಕ್ಕಿಕೊಂಡವರು ಆಸ್ಪತ್ರೆಯ ತಂತ್ರಜ್ಞರು.

ಈಗ ನಮ್ಮದೇ ಅನುಭವವೊಂದನ್ನು ಹೇಳುತ್ತೇವೆ. ಆ ಹುಳುವಿನ ಗದ್ದಲ ಅಡಗಿದ ಕೆಲವು ತಿಂಗಳ ಮೇಲೆ ನಮ್ಮ ಚಿಕ್ಕಮ್ಮನವರನ್ನು ಹೊಟ್ಟೆಯ ಸ್ಕ್ಯಾನಿಂಗಿಗೆಂದು ಗಡಿನಾಡಿನ ಒಂದು ಆಸ್ಪತ್ರೆಗೆ ಕರೆದೊಯ್ದಿದ್ದೆವು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ, ಅಲ್ಲಿನವರು ಒಳ್ಳೆಯವರು. ಯಂತ್ರ ಚಾಲೂ ಮಾಡಿದಾಗ ಪರದೆಯ ಮೇಲೆ ಎಕ್ಸ್‌ಪಿಯ ಆ ಪರಿಚಿತ ಹಸುರು ಗುಡ್ಡ ಮೂಡಿತು. 1996ರಲ್ಲಿ ಚಾರ್ಲ್ಸ್ ಓ’ರೇರ್ ಎಂಬ ಛಾಯಾಗ್ರಾಹಕ ಕ್ಯಾಲಿಫೋರ್ನಿಯದ ಸೊನೋಮಾ ಸೀಮೆಯಲ್ಲಿ ತೆಗೆದ ಚಿತ್ರವದು. ಚಿಕ್ಕಮ್ಮ ಅದನ್ನು ನೋಡಿ, “ಇದು ನಮ್ಮ ವೈತಿರಿ ಕಡೆಯ ಟೀ ತೋಟದ ಹಾಗೇ ಇದೆಯಲ್ಲ” ಎಂದರು. ತಂತ್ರಜ್ಞ ಹುಡುಗ ಬಾವಲಿ ಕಡೆಯವನು, ಕನ್ನಡ ಬಲ್ಲವನು. “ಅಮ್ಮಾ, ಉಸಿರು ಹಿಡ್ಕೊಳ್ಳಿ” ಎಂದು ಹೇಳಿ ಗುಂಡಿ ಒತ್ತಿದ. ಯಂತ್ರ ಅಲ್ಲಿಯೇ ನಿಂತಿತು. ಮತ್ತೆ ಚಾಲೂ ಮಾಡಿದ, ಮತ್ತೆ ಉಸಿರು ಹಿಡಿಸಿದ, ಮತ್ತೆ ನಿಂತಿತು. ಮೂರನೆಯ ಸಲ ಆಯಿತು.

ಹೊರಗೆ ಬಂದ ಮೇಲೆ ಆ ಹುಡುಗನನ್ನು ವಿಚಾರಿಸಿದೆವು. ಯಂತ್ರದ ಗಟ್ಟಿತನಕ್ಕೆ ಏನೂ ಆಗಿಲ್ಲ, ಇನ್ನೂ ಏಳೆಂಟು ವರ್ಷ ಬಾಳುತ್ತದೆ ಎಂದ. ಒಳಗಿನ ಕಂಪ್ಯೂಟರಿನದೇ ತೊಂದರೆ. ಅದನ್ನು ಬದಲಿಸಲು ಕಂಪೆನಿಯವರನ್ನು ಕೇಳಿದರೆ ಈ ಮಾದರಿಗೆ ಹೊಸ ತಂತ್ರಾಂಶ ಬರುವುದಿಲ್ಲ, ಹೊಸ ಯಂತ್ರವನ್ನೇ ಕೊಳ್ಳಿ ಎನ್ನುತ್ತಾರಂತೆ. ಹುಳುವಿನ ಸುದ್ದಿ ಕೇಳಿದ ದಿನವೇ ಅವನು ಯಂತ್ರದ ಜಾಲದ ಕೇಬಲ್ಲನ್ನು ಕಿತ್ತು, ಸುರುಳಿ ಸುತ್ತಿ, ಮೇಜಿನ ಕಾಲಿಗೆ ಕಟ್ಟಿಬಿಟ್ಟಿದ್ದ. ಅಂದಿನಿಂದ ಚಿತ್ರಗಳನ್ನು ಸಿಡಿಯಲ್ಲಿ ತುಂಬಿ ಕೊಡುತ್ತಿದ್ದರು. ಪೆನ್ ಡ್ರೈವ್ ಹಾಕಬಾರದೆಂದು ಮಲಯಾಳದಲ್ಲಿ ಬರೆದ ಚೀಟಿಯೊಂದು ಪರದೆಯ ಅಂಚಿಗೆ ಅಂಟಿಕೊಂಡಿತ್ತು. ಯಾವ ತಜ್ಞ ಸಮಿತಿಯ ನೆರವೂ ಇಲ್ಲದೆ ಆ ಹುಡುಗ ಮಾಡಿದ್ದು ಸರಿಯಾದ ಕೆಲಸವನ್ನೇ: ಹಳೆಯ ಯಂತ್ರವನ್ನು ಉಳಿದವುಗಳಿಂದ ಬೇರೆ ಮಾಡಿ ಇಡುವುದು.

ಕಬ್ಬಿಣದ ಆಯುಸ್ಸು ಒಂದು, ಒಳಗಿನ ತಂತ್ರಾಂಶದ ಆಯುಸ್ಸು ಇನ್ನೊಂದು. ಕೋಟಿಗಟ್ಟಲೆ ಬೆಲೆಯ ಸಿಟಿ ಅಥವಾ ಎಂಆರ್‌ಐ ಯಂತ್ರ ಹತ್ತರಿಂದ ಹದಿನೈದು ವರ್ಷ ಸುಸೂತ್ರವಾಗಿ ದುಡಿಯುತ್ತದೆ. ಚಿಕ್ಕ ಊರುಗಳಲ್ಲಿ ಅದಕ್ಕಿಂತಲೂ ಹೆಚ್ಚು ಕಾಲ ದುಡಿಸುತ್ತಾರೆ. ಆಪರೇಟಿಂಗ್ ಸಿಸ್ಟಂ ಮಾರುಕಟ್ಟೆಗೆ ಬಂದ ದಿನದಿಂದ ಲೆಕ್ಕ ಹಿಡಿದರೆ ಅದರ ಪಾಲನೆ ಸುಮಾರು ಹತ್ತು ವರ್ಷ. ಎಕ್ಸ್‌ಪಿ ಹನ್ನೆರಡೂವರೆ ವರ್ಷ ಬಾಳಿತೆಂಬುದೇ ವಿಶೇಷ. ಯಂತ್ರದ ವಿನ್ಯಾಸ, ಪರೀಕ್ಷೆ, ಒಪ್ಪಿಗೆಗಳಲ್ಲಿ ಅದರಲ್ಲಿ ಕೆಲವು ವರ್ಷ ಆಗಲೇ ಕಳೆದಿರುತ್ತವೆ. 2010ರಲ್ಲಿ ಎಕ್ಸ್‌ಪಿ ಹೊತ್ತ ಯಂತ್ರವನ್ನು ಕೊಂಡ ಆಸ್ಪತ್ರೆಗೆ ಪಾಲನೆ ದೊರೆತದ್ದು ನಾಲ್ಕೇ ವರ್ಷ. ಉಳಿದ ಹತ್ತು ವರ್ಷಗಳ ಹೊಣೆ ಯಾರದು? ತಂತ್ರಾಂಶ ಮಾಡಿದವರು ತಮ್ಮ ಗಡುವನ್ನು ಮೊದಲೇ ಸಾರಿದ್ದರು. ಯಂತ್ರ ಮಾಡಿದವರು ಮಾರಿ ಹಣ ಎಣಿಸಿಯಾಗಿತ್ತು. ಆಸ್ಪತ್ರೆಗೆ ಮುಟ್ಟುವ ಅಧಿಕಾರವಿರಲಿಲ್ಲ. ಖರೀದಿ ಪತ್ರದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲದಿರುವುದೇ ಹೆಚ್ಚು.

ದೊಡ್ಡ ನಗರದಲ್ಲಿ ಒಂದು ಯಂತ್ರ ನಿಂತರೆ ಮುಂದಿನ ಬೀದಿಯಲ್ಲಿ ಇನ್ನೊಂದು ಸಿಗುತ್ತದೆ. ವಯನಾಡಿನಲ್ಲಿ ನಿಂತರೆ ಒಂದೋ ತಾಮರಶ್ಶೇರಿ ಚುರದ ಒಂಬತ್ತು ತಿರುವುಗಳನ್ನು ಇಳಿದು ಕೋಝಿಕ್ಕೋಡಿಗೆ ಹೋಗಬೇಕು, ಇಲ್ಲವೆ ಮುತ್ತಂಗ, ಬಂಡೀಪುರ, ಗುಂಡ್ಲುಪೇಟೆಯ ದಾರಿಯಾಗಿ ಮೈಸೂರಿಗೆ. 2009ರಿಂದ ಬಂಡೀಪುರದ ಆ ದಾರಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ. ಆಂಬುಲೆನ್ಸಿಗೆ ವಿನಾಯಿತಿಯುಂಟು, ಆದರೆ ಜೀಪಿನಲ್ಲಿ ಹೊರಟ ಬಡವನಿಗೆ ಆ ವಿನಾಯಿತಿಯನ್ನು ವಿವರಿಸಿಕೊಳ್ಳುವುದು ಸುಲಭವಲ್ಲ. ಮಾನಂತವಾಡಿಯ ಜಿಲ್ಲಾ ಆಸ್ಪತ್ರೆಯನ್ನು ವೈದ್ಯಕೀಯ ಕಾಲೇಜಾಗಿ ಮೇಲ್ದರ್ಜೆಗೆ ಏರಿಸಿದ್ದು 2021ರಲ್ಲಿ. ಹತ್ತಿರದ ಆಸ್ಪತ್ರೆಯಲ್ಲಿ ಸಿಗದ ಚಿಕಿತ್ಸೆಗಾಗಿ ಗಡಿಯಾಚೆಯ ಊರನ್ನು ನೆಚ್ಚಿದವರ ಪಾಡೇನೆಂಬುದನ್ನು ಕಾಸರಗೋಡಿನ ನಮ್ಮ ಬಂಧುಗಳು 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಕಂಡುಂಡಿದ್ದಾರೆ. ಮಂಗಳೂರು ಕಣ್ಣಳತೆಯಲ್ಲಿದ್ದೂ ತಲುಪಲಾಗದೆ ಪ್ರಾಣ ಬಿಟ್ಟವರಿದ್ದಾರೆ. ಆ ದುಃಖಕ್ಕೂ ತಂತ್ರಾಂಶಕ್ಕೂ ಸಂಬಂಧವಿಲ್ಲ, ನಿಜ. ಇದ್ದೂರಿನ ಯಂತ್ರಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಹೇಳಲು ಅದನ್ನು ನೆನೆದೆವು.

ನಮ್ಮ ದೇಶದಲ್ಲಿ ಇಂಥ ಪೆಟ್ಟು ಎಲ್ಲರಿಗೂ ಕೇಳಿಸುವಂತೆ ಬಿದ್ದದ್ದು 2022ರ ನವೆಂಬರ್ 23ರಂದು, ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ. ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿತ್ತು. ಹೊರರೋಗಿಗಳ ಚೀಟಿಯಿಂದ ಹಿಡಿದು ಪ್ರಯೋಗಾಲಯದ ವರದಿಯವರೆಗೆ ಎಲ್ಲವನ್ನೂ ದಿನಗಟ್ಟಲೆ ಕೈಯಲ್ಲಿಯೇ ಬರೆಯಬೇಕಾಯಿತು. ಜಾಲವನ್ನು ಸರಿಯಾಗಿ ವಿಭಾಗಿಸದೇ ಇದ್ದುದು ಇದಕ್ಕೆ ಕಾರಣವೆಂದು ಸರಕಾರವೇ ಸಂಸತ್ತಿಗೆ ತಿಳಿಸಿತು. ನಮ್ಮ ಬಾವಲಿಯ ಹುಡುಗ ಮೇಜಿನ ಕಾಲಿಗೆ ಕೇಬಲ್ ಕಟ್ಟಿ ಮಾಡಿದ್ದು ಆ ವಿಭಜನೆಯನ್ನೇ ಅಲ್ಲವೇ? ಕಾನೂನಿನ ಕಡೆಯಿಂದ, ನಮ್ಮ ವೈದ್ಯಕೀಯ ಸಾಧನಗಳ ನಿಯಮಗಳು 2018ರ ಜನವರಿ 1ರಿಂದ ಜಾರಿಗೆ ಬಂದವು. 2020ರ ಏಪ್ರಿಲಿನಿಂದ ತಂತ್ರಾಂಶವೂ ಸೇರಿದಂತೆ ಎಲ್ಲ ಸಾಧನಗಳು ಆ ಕಾನೂನಿನ ವ್ಯಾಪ್ತಿಗೆ ಸೇರಿದವು. ಅಮೆರಿಕದಲ್ಲಿ 2023ರ ಮಾರ್ಚ್ 29ರಿಂದ, ಜಾಲಕ್ಕೆ ಸೇರುವ ಹೊಸ ಸಾಧನಕ್ಕೆ ಒಪ್ಪಿಗೆ ಬೇಡುವ ತಯಾರಕರು ತೇಪೆಗಳನ್ನು ಹೇಗೆ ಒದಗಿಸುವರೆಂಬ ಯೋಜನೆಯನ್ನೂ, ಒಳಗೆ ಯಾವ ಯಾವ ತಂತ್ರಾಂಶಗಳಿವೆಯೆಂಬ ಪಟ್ಟಿಯನ್ನೂ ಸಲ್ಲಿಸಲೇಬೇಕಾಗಿದೆ. ಈಗಾಗಲೇ ಆಸ್ಪತ್ರೆಗಳಲ್ಲಿ ಕುಳಿತಿರುವ ಹಳೆಯ ಯಂತ್ರಗಳಿಗೆ ಅದರಿಂದ ನೇರ ಪ್ರಯೋಜನವೇನೂ ಇಲ್ಲ.

ನಮ್ಮ ಸಂಘಗಳಿಗೆ ಇದರಲ್ಲಿ ಮಾಡಲು ಕೆಲಸವಿದೆಯೆಂದು ನಮಗೆ ತೋರುತ್ತದೆ. ದೂರದಲ್ಲಿ ನೆಲೆಸಿದ ನಮ್ಮವರು ಹುಟ್ಟೂರಿನ ಆಸ್ಪತ್ರೆಗೆ ಸ್ಕ್ಯಾನಿಂಗ್ ಯಂತ್ರವನ್ನೋ ಡಯಾಲಿಸಿಸ್ ಯಂತ್ರವನ್ನೋ ದಾನ ಕೊಡುವುದುಂಟು. ಬೇರೆಡೆ ಬಳಸಿ ದುರಸ್ತಿ ಮಾಡಿದ ಯಂತ್ರವೂ ಕಡಿಮೆ ಬೆಲೆಗೆ ಸಿಗುತ್ತದೆಂದು ಅದನ್ನು ಕೊಂಡುಕೊಡುವುದುಂಟು. ಕೊಡುವ ಕೈಗೆ ನಮಸ್ಕಾರ. ಆದರೆ ಫಲಕದ ಮೇಲೆ ದಾನಿಗಳ ಹೆಸರು ಕೆತ್ತಿಸುವ ಮೊದಲು ಮಾರುವವರಿಂದ ಬರಹದಲ್ಲಿ ಕೇಳಿ ಪಡೆಯಬೇಕಾದ ಮಾತೊಂದಿದೆ: ಒಳಗಿರುವ ಆಪರೇಟಿಂಗ್ ಸಿಸ್ಟಂ ಯಾವುದು, ಅದರ ಪಾಲನೆ ಯಾವ ತಾರೀಖಿಗೆ ಮುಗಿಯುತ್ತದೆ, ಆ ತಾರೀಖಿನ ಮೇಲೆ ತೇಪೆ ಹಾಕುವವರು ಯಾರು, ಅದರ ಖರ್ಚು ಯಾರದು. ವಿಂಡೋಸ್ 7ರ ಸಾಮಾನ್ಯ ಪಾಲನೆ 2020ರ ಜನವರಿ 14ಕ್ಕೆ ಮುಗಿಯಿತು. ವಿಂಡೋಸ್ 10ರದು 2025ರ ಅಕ್ಟೋಬರ್ 14ಕ್ಕೆ. ಯಂತ್ರಗಳಿಗೆಂದೇ ಮಾಡಿದ ಕೆಲವು ವಿಶೇಷ ಆವೃತ್ತಿಗಳಿಗೆ ಇನ್ನೂ ಕೆಲವು ವರ್ಷ ಪಾಲನೆ ಸಿಗುತ್ತದೆ. ಯಾವ ಯಂತ್ರದಲ್ಲಿ ಯಾವ ಆವೃತ್ತಿ ಇದೆ ಎಂಬುದನ್ನು ಕೇಳಿಯೇ ತಿಳಿಯಬೇಕು.

ಚಿಕ್ಕಮ್ಮನವರನ್ನು ಮತ್ತೊಮ್ಮೆ ಪರೀಕ್ಷೆಗೆ ಅದೇ ಆಸ್ಪತ್ರೆಗೆ ಈಚೆಗೆ ಕರೆದೊಯ್ದೆವು. ಯಂತ್ರ ಬದಲಾಗಿತ್ತು, ಹೊಳೆಯುವ ಬಿಳಿ ಬಣ್ಣ, ಅಗಲವಾದ ಪರದೆ. ಹಸುರು ಗುಡ್ಡ ಇರಲಿಲ್ಲ. ಚಿಕ್ಕಮ್ಮ ಒಂದೇ ಸಲ ಉಸಿರು ಹಿಡಿದರೆ ಸಾಕಾಯಿತು. ತಂತ್ರಜ್ಞನೂ ಬೇರೆ, ಹೊಸಬ. ಒಳಗೆ ಯಾವ ಆವೃತ್ತಿ ಇದೆಯೆಂದು ಕೇಳಿದೆವು. “ವಿಂಡೋಸ್ 10 ಸಾರ್, ಕಂಪೆನಿಯವರು ಬಂದು ನೋಡ್ತೀವಿ ಅಂದಿದಾರೆ” ಎಂದ. ಹೊರಡುವಾಗ ಕಣ್ಣು ತಾನಾಗಿ ಮೇಜಿನ ಕಾಲಿನ ಕಡೆ ಹೋಯಿತು. ಜಾಲದ ಕೇಬಲ್ಲನ್ನು ಅಲ್ಲಿ ಸುರುಳಿ ಸುತ್ತಿ ಕಟ್ಟಿದ್ದರು.